ಸಿಟ್ಟು ಬಂದಾಗ ಮೈಯಲ್ಲಿ ಏನಾಗುತ್ತದೆ?

ಮಕ್ಕಳೇ, ನಮ್ಮ ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಕಡೆಯ ಶಾಲೆಗಳಲ್ಲಿ ಒಂದು ತಮಾಷೆ ನಡೆಯುತ್ತದೆ. ಮರಾಠಿ ಗೆಳೆಯನೊಬ್ಬ ಬಂದು, "ಮಲಾ ರಾಗ ಆಲಾ" ಎನ್ನುತ್ತಾನೆ. ಮರಾಠಿ ಅಷ್ಟಾಗಿ ಬಾರದ ಕನ್ನಡದ ಚಿಕ್ಕ ಹುಡುಗ, "ರಾಗ ಬಂದರೆ ಹಾಡು" ಎನ್ನುತ್ತಾನೆ. ಮರಾಠಿಯಲ್ಲಿ 'ರಾಗ' ಎಂದರೆ ಸಿಟ್ಟು. ಕನ್ನಡದಲ್ಲಿ 'ರಾಗ' ಎಂದರೆ ಹಾಡಿನ ಧಾಟಿ. ಎರಡು ಭಾಷೆಗಳ ನಡುವೆ ಬೆಳೆಯುವ ನಿಮಗೆ ಇಂಥ ಮಾತುಗಳು ಹೊಸವಲ್ಲ.

ಕನ್ನಡದಲ್ಲಿಯೂ ಸಿಟ್ಟಿಗೆ ಒಂದೇ ಹೆಸರಿಲ್ಲ. ಗೆಳತಿ ತನ್ನನ್ನು ಬಿಟ್ಟು ಆಟಕ್ಕೆ ಹೋದಳೆಂದು ಮಾತು ಬಿಟ್ಟು ಕುಳಿತರೆ ಅದು ಮುನಿಸು. ಸೆಕೆಯಲ್ಲಿ ನೊಣ ಪದೇ ಪದೇ ಮೂಗಿನ ಮೇಲೆ ಕುಳಿತರೆ ಬರುವುದು ಕಿರಿಕಿರಿ. ಯಾರಿಗೋ ಅನ್ಯಾಯವಾದದ್ದನ್ನು ಕಂಡು ಎದೆ ಕುದಿಯುವುದು ರೋಷ. ತೀರ ಹೆಚ್ಚಾದರೆ "ಕೆಂಡಾಮಂಡಲವಾದ" ಎನ್ನುತ್ತೇವೆ. ನಮ್ಮ ಹಿರಿಯರು ಇಷ್ಟೊಂದು ಹೆಸರುಗಳನ್ನು ಇಟ್ಟದ್ದು ಸುಮ್ಮನೆ ಅಲ್ಲ. ಮುನಿಸಿಗೆ ಮಾಡುವ ಉಪಾಯ ರೋಷಕ್ಕೆ ಸಾಲದು. ಆದ್ದರಿಂದ ಸಿಟ್ಟು ಬಂದಾಗ "ಇದು ಯಾವ ಸಿಟ್ಟು?" ಎಂದು ಹೆಸರಿಟ್ಟು ನೋಡುವುದು ಒಳ್ಳೆಯದು. ಹೆಸರು ಹುಡುಕುವಷ್ಟರಲ್ಲಿ ಅದು ತುಸು ಇಳಿದಿರುವುದೂ ಉಂಟು.

ಈಗ ಒಂದು ಪ್ರಯೋಗ ಮಾಡೋಣ. ಗಡಿಯಾರದ ಮುಂದೆ ಸುಮ್ಮನೆ ಕುಳಿತುಕೊಳ್ಳಿರಿ. ಬಲಗೈಯ ಎರಡು ಬೆರಳುಗಳನ್ನು ಎಡಗೈ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಕಡೆಗೆ ಇಡಿರಿ. ಟಕ್ ಟಕ್ ಎಂದು ನಾಡಿ ಬಡಿಯುವುದು ತಿಳಿಯುತ್ತದೆ. ಒಂದು ನಿಮಿಷ ಎಣಿಸಿರಿ. ನಿಮ್ಮ ವಯಸ್ಸಿನ ಮಕ್ಕಳಲ್ಲಿ ಅದು ಸಾಮಾನ್ಯವಾಗಿ 70ರಿಂದ 110ರ ನಡುವೆ ಇರುತ್ತದೆ. ಬಳಿಕ ಮೈದಾನದ ಸುತ್ತ ಒಂದು ಸಲ ಓಡಿ ಬಂದು ಮತ್ತೆ ಎಣಿಸಿರಿ. ನಾಡಿ ಜೋರಾಗಿರುತ್ತದೆ. ಉಸಿರು ವೇಗವಾಗಿರುತ್ತದೆ. ಮೈ ಬಿಸಿಯಾಗಿರುತ್ತದೆ.

ಸಿಟ್ಟು ಬಂದಾಗಲೂ ಹೀಗೆಯೇ ಆಗುತ್ತದೆ. ನೀವು ಓಡಿರುವುದಿಲ್ಲ, ಕುಳಿತಲ್ಲಿಯೇ ಕುಳಿತಿರುತ್ತೀರಿ. ಆದರೂ ಎದೆ ಡವಡವ ಹೊಡೆದುಕೊಳ್ಳುತ್ತದೆ. ಕಿವಿ ಬಿಸಿಯಾಗುತ್ತದೆ. ಹಲ್ಲು ಕಚ್ಚಿಕೊಳ್ಳುತ್ತೀರಿ. ಕೈ ತಾನಾಗಿಯೇ ಮುಷ್ಟಿಯಾಗುತ್ತದೆ. ಏಕೆ?

ನಮ್ಮ ಮಿದುಳಿನ ಒಳಗೆ, ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಬೀಜದಂಥ ಎರಡು ಸಣ್ಣ ಭಾಗಗಳಿವೆ. ಅವುಗಳ ಹೆಸರು ಅಮಿಗ್ಡಲಾ. ಗ್ರೀಕ್ ಭಾಷೆಯಲ್ಲಿ ಬಾದಾಮಿಗೆ ಇರುವ ಹೆಸರಿನಿಂದಲೇ ಈ ಹೆಸರು ಬಂದಿದೆ. ಹೊಲದ ಕಾವಲುಗಾರನಂತೆ ಇವು ಸದಾ ಎಚ್ಚರವಾಗಿರುತ್ತವೆ. ಅಪಾಯವೇನಾದರೂ ಕಂಡರೆ ಕೂಡಲೇ ಕೂಗು ಹಾಕುತ್ತವೆ. ಆ ಕೂಗು ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೆ ಮುಟ್ಟುತ್ತದೆ. ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಆಗ ಹೃದಯ ಜೋರಾಗಿ ಬಡಿದು ಕೈಕಾಲಿನ ಸ್ನಾಯುಗಳಿಗೆ ಹೆಚ್ಚು ರಕ್ತ ಕಳಿಸುತ್ತದೆ. ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸೇರಿಸುತ್ತದೆ. ಹೋರಾಡಲು ಇಲ್ಲವೆ ಓಡಿಹೋಗಲು ಮೈ ಸಿದ್ಧವಾಗುತ್ತದೆ. ಕಾಡಿನಲ್ಲಿ ತೋಳ ಎದುರಾದಾಗ ನಮ್ಮ ಪೂರ್ವಜರಿಗೆ ಇದರಿಂದ ಜೀವ ಉಳಿಯುತ್ತಿತ್ತು. ಕಷ್ಟವೇನೆಂದರೆ, ಈ ಕಾವಲುಗಾರನಿಗೆ ತೋಳಕ್ಕೂ ನಮ್ಮ ಪೆನ್ಸಿಲ್ ಮುರಿದ ತಮ್ಮನಿಗೂ ವ್ಯತ್ಯಾಸ ಬೇಗ ತಿಳಿಯುವುದಿಲ್ಲ.

ವ್ಯತ್ಯಾಸ ತಿಳಿಯುವ ಭಾಗವೊಂದು ಬೇರೆ ಇದೆ. ಅದು ಹಣೆಯ ಹಿಂದೆ ಇರುವ ಮಿದುಳಿನ ಮುಂಭಾಗ. "ತಡಿ, ಅವನು ಚಿಕ್ಕವನು, ಬೇಕೆಂದು ಮಾಡಿಲ್ಲ" ಎಂದು ಹೇಳುವುದು ಅದೇ. ಆದರೆ ಅದು ಕಾವಲುಗಾರನಷ್ಟು ಚುರುಕಲ್ಲ, ಯೋಚಿಸಲು ಅದಕ್ಕೆ ಸ್ವಲ್ಪ ಹೊತ್ತು ಬೇಕು. ಅಷ್ಟೇ ಅಲ್ಲ, ಅದು ಪೂರ್ತಿ ಬಲಿಯುವುದು ಸುಮಾರು 25ನೆಯ ವಯಸ್ಸಿಗೆ. ಹಾಗಾಗಿ ಐದನೆಯ ಇಯತ್ತೆಯ ಮಕ್ಕಳಿಗೆ ಸಿಟ್ಟು ತಡೆಯುವುದು ಕಷ್ಟವಾದರೆ ಅದರಲ್ಲಿ ಆಶ್ಚರ್ಯವಿಲ್ಲ. 'ಇವನು ಹುಟ್ಟಾ ಸಿಟ್ಟಿನವ' ಎಂದು ಯಾವ ಮಗುವಿನ ಮೇಲೂ ಹೆಸರು ಅಂಟಿಸಬಾರದು. ಸೈಕಲ್ ಹೊಡೆಯುವುದನ್ನು ಕಲಿತಂತೆ ಇದನ್ನೂ ಕಲಿಯಬಹುದು.

ಇಲ್ಲೊಂದು ಬೆಕ್ಕಿನ ಸಂಗತಿ ಹೇಳಬೇಕು. 1895ರಲ್ಲಿ ಕ್ಷ-ಕಿರಣಗಳು ಪತ್ತೆಯಾದವು. ಅದಾದ ಕೆಲವೇ ವರ್ಷಗಳಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ, ಉಂಡ ಅನ್ನ ಹೊಟ್ಟೆಯಲ್ಲಿ ಹೇಗೆ ಸಾಗುತ್ತದೆ ಎಂದು ಆ ಕಿರಣಗಳ ಸಹಾಯದಿಂದ ಬೆಕ್ಕುಗಳಲ್ಲಿ ನೋಡುತ್ತಿದ್ದರು. ಬೆಕ್ಕು ಸಮಾಧಾನದಿಂದ ಇದ್ದಾಗ ಅದರ ಜಠರ ಅಲೆ ಅಲೆಯಾಗಿ ಅಲುಗಾಡುತ್ತಿತ್ತು. ಬೆಕ್ಕು ಸಿಟ್ಟಿಗೆದ್ದರೆ ಇಲ್ಲವೆ ಗಾಬರಿಯಾದರೆ ಆ ಅಲೆಗಳು ನಿಂತುಬಿಡುತ್ತಿದ್ದವು! ಮತ್ತೆ ಶಾಂತವಾದಾಗ ಅಲೆಗಳು ತಿರುಗಿ ಶುರುವಾಗುತ್ತಿದ್ದವು. ಮುಂದೆ 1915ರಲ್ಲಿ ಕ್ಯಾನನ್ ಹಸಿವು, ನೋವು, ಭಯ ಮತ್ತು ಸಿಟ್ಟಿನಲ್ಲಿ ದೇಹ ಹೇಗೆ ಬದಲಾಗುತ್ತದೆ ಎಂಬುದರ ಬಗ್ಗೆ ಒಂದು ದೊಡ್ಡ ಪುಸ್ತಕವನ್ನೇ ಬರೆದರು. ಜಗಳಾಡಿ ಊಟಕ್ಕೆ ಕುಳಿತರೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ ಎಂದು ನಮ್ಮ ಅಜ್ಜಿಯರು ಹೇಳುವುದುಂಟು. ಅವರ ಮಾತಿಗೂ ಕ್ಯಾನನ್‌ರ ಬೆಕ್ಕಿಗೂ ನಂಟಿದೆ.

ಸಿಟ್ಟಿನ ಕೆಳಗೆ ಬೇರೆ ಏನೋ ಅಡಗಿರುವುದು ಬಹಳ ಸಲ. ಹಸಿವು ಇರಬಹುದು. ನಿದ್ದೆಗೇಡಿರಬಹುದು. ಅವಮಾನ ಇರಬಹುದು. ನೀವು ಶಾಲೆಯಿಂದ ಬರುವಾಗ ಕೆರೆಯ ದಂಡೆಯಲ್ಲಿ ಆಡುತ್ತ ಹೊತ್ತು ಮುಳುಗಿಸಿಕೊಂಡು ಮನೆಗೆ ಹೋದಿರಿ ಎನ್ನಿ. ಅವ್ವ ಬಾಗಿಲಲ್ಲಿಯೇ ಬಯ್ಯುತ್ತಾಳೆ. "ಎಲ್ಲಿ ಸತ್ತಿದ್ದಿ ಇಷ್ಟೊತ್ತನಕ?" ಎನ್ನುತ್ತಾಳೆ. ಕೇಳಿದರೆ ಬರೀ ಸಿಟ್ಟು. ಆದರೆ ಅವ್ವ ಅಷ್ಟು ಹೊತ್ತು ಬಾಗಿಲಿಗೂ ಬೀದಿಗೂ ತಿರುಗಾಡಿ, ಅವರಿವರನ್ನು ಕೇಳಿ, ಹೆದರಿ ಹಣ್ಣಾಗಿದ್ದಾಳೆ. ಆ ಹೆದರಿಕೆಯೇ ಸಿಟ್ಟಿನ ಅಂಗಿ ತೊಟ್ಟು ಹೊರಗೆ ಬಂದಿದೆ. ಇದನ್ನು ತಿಳಿದವರು ತಿರುಗಿ ಮಾತಾಡುವುದಿಲ್ಲ. "ತಪ್ಪಾತವ್ವಾ, ನಾಳೆ ಹೇಳೇ ಹೋಗ್ತೀನಿ" ಎಂದರೆ ಸಾಕು, ಅವ್ವನ ಕಣ್ಣಲ್ಲಿ ನೀರು ಬರುತ್ತದೆ.

ಇನ್ನೊಂದು ಬಗೆಯ ಸಿಟ್ಟು ಇದೆ. "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ" ಎಂಬ ಗಾದೆಯನ್ನು ನೀವು ಕೇಳಿರಬೇಕು. ಕೊತ್ತಿ ಎಂದರೆ ಬೆಕ್ಕು. ಉಳ್ಳಾಗಡ್ಡಿಯ ಧಾರಣಿ ಬಿದ್ದಿತೆಂದು ಪೇಟೆಯಿಂದ ಬೇಸರದಲ್ಲಿ ಬಂದ ಅಪ್ಪ ಮನೆಯಲ್ಲಿ ಅಣ್ಣನ ಮೇಲೆ ರೇಗುತ್ತಾನೆ. ಅಣ್ಣ ಅಪ್ಪನಿಗೆ ಏನೂ ಅನ್ನಲಾರ, ತಂಗಿಯ ಜಡೆ ಎಳೆಯುತ್ತಾನೆ. ತಂಗಿ ಅಣ್ಣನನ್ನು ಹೊಡೆಯಲಾರಳು, ಬಾಗಿಲಲ್ಲಿ ಮಲಗಿದ ನಾಯಿಗೆ ಒದೆಯುತ್ತಾಳೆ. ಉಳ್ಳಾಗಡ್ಡಿಯ ಬೆಲೆಗೂ ನಾಯಿಗೂ ಏನು ಸಂಬಂಧ? ಸಿಟ್ಟು ಯಾವಾಗಲೂ ಇಳಿಜಾರಿನ ಕಡೆಗೆ, ಅಂದರೆ ನಮಗಿಂತ ಸಣ್ಣವರ ಕಡೆಗೆ ಹರಿಯುತ್ತದೆ. ಈ ಸಾಲನ್ನು ಯಾರಾದರೂ ಒಬ್ಬರು ನಡುವೆ ನಿಲ್ಲಿಸಬಹುದು. ಅಣ್ಣನೂ ನಿಲ್ಲಿಸಬಹುದು, ತಂಗಿಯೂ ನಿಲ್ಲಿಸಬಹುದು. ನಾಯಿಗೆ ಮಾತ್ರ ಆ ಅವಕಾಶವಿಲ್ಲ.

ಹಾಗಾದರೆ ಸಿಟ್ಟು ಬಂದ ಕೂಡಲೇ ಏನು ಮಾಡಬೇಕು? ಮೊದಲು, ಏನನ್ನೂ ಮಾಡದಿರುವುದು. ಅಡ್ರಿನಲಿನ್‌ನ ಅಬ್ಬರ ಕೆಲವು ನಿಮಿಷಗಳದ್ದು. ಹೊಸದಾಗಿ ಉರಿ ಹಚ್ಚದಿದ್ದರೆ ಅದು ತಾನಾಗಿ ಇಳಿಯುತ್ತದೆ. ಆ ನಿಮಿಷಗಳನ್ನು ದಾಟಿಸುವುದೇ ದೊಡ್ಡ ಕೆಲಸ. ಮೂಗಿನಿಂದ ಉಸಿರು ಎಳೆದು, ಬಿಸಿ ಚಹಾ ಆರಿಸುವಂತೆ ಬಾಯಿಂದ ನಿಧಾನವಾಗಿ ಬಿಡಿರಿ. ಎಳೆಯುವುದಕ್ಕಿಂತ ಬಿಡುವುದು ಉದ್ದವಾಗಿರಲಿ. ಉಸಿರು ನಿಧಾನವಾಗಿ ಹೊರಗೆ ಹೋಗುವಾಗ ಹೃದಯದ ಬಡಿತ ಕಡಿಮೆಯಾಗುತ್ತದೆ. ನಾಡಿಯ ಮೇಲೆ ಬೆರಳಿಟ್ಟು ನೀವೇ ಪರೀಕ್ಷಿಸಬಹುದು. ಆ ಜಾಗ ಬಿಟ್ಟು ಎದ್ದು ಹೋಗಿ ಹರವಿಯ ತಣ್ಣೀರು ಕುಡಿದು ಬರಬಹುದು. ಆದರೆ ಸುಮ್ಮನೆ ಎದ್ದು ಹೋಗಬೇಡಿರಿ. "ಆಮೇಲೆ ಮಾತಾಡೋಣು" ಎಂದು ಹೇಳಿ ಹೋಗಿರಿ. ಇಲ್ಲವಾದರೆ ಎದುರಿಗಿದ್ದವರು ಅದನ್ನು ಅಲಕ್ಷ್ಯ ಎಂದು ತಿಳಿಯುತ್ತಾರೆ.

ಒಂದರಿಂದ ಹತ್ತರವರೆಗೆ ಎಣಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಒಂದರಿಂದ ಹತ್ತನ್ನು ನಾವು ಸಿಟ್ಟಿನಲ್ಲಿಯೂ ಗಡಗಡ ಎಣಿಸಿಬಿಡುತ್ತೇವೆ, ಅದರಿಂದ ಅಷ್ಟೇನೂ ಉಪಯೋಗವಿಲ್ಲ. ನಮ್ಮ ಗಡಿನಾಡಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉಪಾಯವಿದೆ. ಮೂವತ್ತರಿಂದ ಕೆಳಕ್ಕೆ ಮರಾಠಿಯಲ್ಲಿ ಎಣಿಸಿರಿ: ತೀಸ, ಏಕೋಣತೀಸ, ಅಠ್ಠಾವೀಸ, ಸತ್ತಾವೀಸ... ಮನೆಮಾತು ಕನ್ನಡವಾದವರಿಗೆ ಇದಕ್ಕೆ ಲಕ್ಷ್ಯ ಕೊಡಲೇಬೇಕಾಗುತ್ತದೆ. ಲಕ್ಷ್ಯ ಕೊಡುವ ಕೆಲಸ ಹಣೆಯ ಹಿಂದಿನ ಮಿದುಳಿನದು. ಅದು ಕೆಲಸಕ್ಕೆ ಹತ್ತಿತೆಂದರೆ ಕಾವಲುಗಾರನ ಕೂಗು ಸಣ್ಣದಾಗುತ್ತದೆ.

"ಸಿಟ್ಟನ್ನು ಹೊರಗೆ ಹಾಕಬೇಕು, ದಿಂಬಿಗೆ ನಾಲ್ಕು ಗುದ್ದು ಹಾಕಿದರೆ ಹಗುರಾಗುತ್ತದೆ" ಎಂದು ಕೆಲವರು ಹೇಳುತ್ತಾರೆ. ಇದು ನಿಜವೇ ಎಂದು ಅಮೆರಿಕದ ಬ್ರಾಡ್ ಬುಶ್ಮನ್ ಎಂಬ ಮನೋವಿಜ್ಞಾನಿ ಪರೀಕ್ಷಿಸಿದರು. ಸಿಟ್ಟು ಬಂದಿದ್ದ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ತಮ್ಮನ್ನು ಕೆಣಕಿದವನನ್ನು ನೆನೆಯುತ್ತ ಗುದ್ದುಚೀಲಕ್ಕೆ ಹೊಡೆಯಲು ಹೇಳಿದರು. ಇನ್ನು ಕೆಲವರನ್ನು ಸುಮ್ಮನೆ ಕೂಡಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಗುದ್ದಿದವರ ಸಿಟ್ಟು ಸುಮ್ಮನೆ ಕುಳಿತವರ ಸಿಟ್ಟಿಗಿಂತ ಹೆಚ್ಚಾಗಿತ್ತು. ಒಲೆಯ ಬಾಯಿಗೆ ಊದುಗೊಳವೆ ಹಿಡಿದು ಊದಿದರೆ ಬೆಂಕಿ ಆರುವುದಿಲ್ಲವಷ್ಟೆ.

ಹಾಗೆಂದು ಸಿಟ್ಟನ್ನು ನುಂಗಿಕೊಂಡೇ ಇರಬೇಕೆಂದಲ್ಲ. ನುಂಗಿದ ಸಿಟ್ಟು ಒಳಗೇ ಕುಳಿತು, ತಿಂಗಳ ಮೇಲೆ ಯಾವುದೋ ಸಣ್ಣ ಮಾತಿಗೆ ಸಿಡಿಯುತ್ತದೆ. ಮೈ ತಣ್ಣಗಾದ ಬಳಿಕ ಅದನ್ನು ಮಾತಿನಲ್ಲಿ ಹೇಳಬೇಕು. ಹೇಗೆ ಹೇಳಬೇಕು ಎಂಬುದರಲ್ಲಿಯೇ ಎಲ್ಲ ಇದೆ.

ಒಬ್ಬ ಹುಡುಗ ಗೆಳೆಯನ ಸೈಕಲ್ಲನ್ನು ಕೇಳದೆ ಒಯ್ದಿದ್ದಾನೆ ಎಂದುಕೊಳ್ಳೋಣ. ಸೈಕಲ್ಲಿನವನು ಬಿಸಿಲಲ್ಲಿ ನಡೆದುಕೊಂಡು ಶಾಲೆಗೆ ಬಂದಿದ್ದಾನೆ. ಅವನು ಹೀಗೆ ಹೇಳಬಹುದು:

"ನೀ ಯಾವಾಗ್ಲೂ ಹಿಂಗs. ನೀ ಕಳ್ಳ. ನಿಮ್ಮ ಮನ್ಯಾಗ ಯಾರೂ ಬುದ್ಧಿ ಹೇಳಿಲ್ಲೇನು?"

ಇದನ್ನು ಕೇಳಿದವನು ಸೈಕಲ್ಲಿನ ವಿಚಾರವನ್ನೇ ಮರೆಯುತ್ತಾನೆ. ತನ್ನನ್ನು ಕಳ್ಳ ಎಂದದ್ದು, ಮನೆಯವರನ್ನು ಎತ್ತಿ ಆಡಿದ್ದು ಮಾತ್ರ ಅವನಿಗೆ ನಾಟುತ್ತದೆ. ಈಗ ಅವನಿಗೂ ಸಿಟ್ಟು. ಜಗಳ ಸೈಕಲ್ಲಿನಿಂದ ಹೊರಟು ಎಲ್ಲಿಗೋ ಮುಟ್ಟುತ್ತದೆ. ಅದೇ ಮಾತನ್ನು ಅವನು ಹೀಗೂ ಹೇಳಬಹುದು:

"ಇವತ್ತ ಮುಂಜಾನೆ ನನ್ನ ಸೈಕಲ್ ಕೇಳದs ಒಯ್ದಿ. ನಾ ನಡಕೋತ ಬಂದೆ. ತಡಾ ಆತು, ಸರ್ ಮುಂದ ನಿಂದ್ರಬೇಕಾತು. ನನಗ ಭಾಳ ಸಿಟ್ಟು ಬಂದದ. ಇನ್ನ ಮ್ಯಾಲೆ ಕೇಳಿ ಒಯ್ಯಿ."

"ಮನ್ಯಾಗ ಮುತ್ಯಾಗ ಆರಾಮ ಇರಲಿಲ್ಲೋ. ಗುಳಿಗಿ ತರಾಕ ಹೋಗಿದ್ದೆ. ನೀ ಮಲಗಿದ್ದಿ ಅಂತ ಎಬ್ಬಿಸಲಿಲ್ಲ."

"ಹಂಗಾ? ಎಬ್ಬಿಸಿದ್ರ ನಾನೂ ಬರ್ತಿದ್ದೆ. ಈಗ ಹೆಂಗದಾರ ಮುತ್ಯಾ?"

ಎರಡನೆಯ ಮಾತಿನಲ್ಲಿ ಸಿಟ್ಟು ಇಲ್ಲವೇ? ಇದೆ. "ಭಾಳ ಸಿಟ್ಟು ಬಂದದ" ಎಂದು ಬಾಯಿಬಿಟ್ಟು ಹೇಳಿದ್ದಾನೆ. ಆದರೆ ನಡೆದದ್ದೇನು, ತನಗಾದ ತೊಂದರೆಯೇನು, ಮುಂದೆ ಏನಾಗಬೇಕು ಎಂಬುದನ್ನಷ್ಟೇ ಹೇಳಿದ್ದಾನೆ. 'ಯಾವಾಗಲೂ' ಎಂಬ ಶಬ್ದ ಅಲ್ಲಿಲ್ಲ. ಜಗಳದಲ್ಲಿ ಈ 'ಯಾವಾಗಲೂ' ಮತ್ತು 'ಎಂದೂ' ಎಂಬ ಶಬ್ದಗಳು ಬಹಳ ಕೆಟ್ಟವು. ಅವು ನಿಜವಾಗಿರುವುದೂ ಅಪರೂಪ.

ಸಿಟ್ಟು ದೊಡ್ಡವರಿಗೂ ಬರುತ್ತದೆ. ಸೊಲ್ಲಾಪುರಕ್ಕೆ ಹಿಂದೆ ಸೊನ್ನಲಿಗೆ ಎಂಬ ಹೆಸರಿತ್ತು. 12ನೆಯ ಶತಮಾನದಲ್ಲಿ ಅಲ್ಲಿ ಶರಣ ಸಿದ್ಧರಾಮರು ಕೆರೆ ಕಟ್ಟಿಸಿದರು. ಆ ಕೆರೆಯನ್ನು, ಅದರ ನಡುವಿನ ಸಿದ್ಧೇಶ್ವರ ಗುಡಿಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. 'ಶೂನ್ಯಸಂಪಾದನೆ' ಎಂಬ ಗ್ರಂಥದಲ್ಲಿ ಒಂದು ಕಥೆ ಬರುತ್ತದೆ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಸಿದ್ಧರಾಮರನ್ನು ಒಡ್ಡನೆಂದು ಕರೆದರು. ಒಡ್ಡರೆಂದರೆ ಕಲ್ಲು-ಮಣ್ಣಿನ ಕೆಲಸ ಮಾಡುವವರು. ಕೆರೆಯ ಕೆಲಸದವರು ಸಿಟ್ಟಿನಿಂದ ಅಲ್ಲಮರ ಮೇಲೆ ಕಲ್ಲು ತೂರಿದರು. ಸುದ್ದಿ ಕೇಳಿ ಸಿದ್ಧರಾಮರೂ ಕೆಂಡವಾಗಿ ಬಂದರು. ಅಲ್ಲಮರು ಮಾತ್ರ ಅಲುಗಲಿಲ್ಲ, ತಿರುಗಿ ಬಯ್ಯಲೂ ಇಲ್ಲ. ಎದುರಿನವರು ಬೆಂಕಿಗೆ ಬೆಂಕಿ ಕೂಡಿಸದಿದ್ದಾಗ ಸಿದ್ಧರಾಮರ ಸಿಟ್ಟು ಇಳಿಯಿತು. ಇಬ್ಬರೂ ಮಾತಾಡಿದರು. ಆಮೇಲೆ ಜೊತೆಯಾಗಿಯೇ ಕಲ್ಯಾಣಕ್ಕೆ ಹೋದರು.

ಎಲ್ಲ ಸಿಟ್ಟೂ ತಪ್ಪೇ ಎಂದು ನೀವು ಕೇಳಬಹುದು. ಅಲ್ಲ. ನಮ್ಮ ಮಹಾರಾಷ್ಟ್ರದಲ್ಲಿ ನಡೆದದ್ದನ್ನೇ ನೋಡಿರಿ. ಕೊಂಕಣದ ಮಹಾಡ ಪಟ್ಟಣದಲ್ಲಿ ಚವದಾರ ಕೆರೆ ಇದೆ. ಅದು ಸಾರ್ವಜನಿಕ ಕೆರೆ. ದನಕರುಗಳು ಅಲ್ಲಿ ನೀರು ಕುಡಿಯಬಹುದಿತ್ತು. ಆದರೆ ಅಸ್ಪೃಶ್ಯರೆಂದು ದೂರವಿಟ್ಟ ಜನರು ಅದನ್ನು ಮುಟ್ಟುವಂತಿರಲಿಲ್ಲ. ಇದಕ್ಕೆ ಸಿಟ್ಟು ಬರದಿದ್ದರೆ ಮತ್ತಾವುದಕ್ಕೆ ಬರಬೇಕು? 1927ನೆಯ ಮಾರ್ಚ್ 20ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಂದಿಗೆ ಶಿಸ್ತಿನಿಂದ ನಡೆದು ಹೋಗಿ ಆ ಕೆರೆಯ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡು ಕುಡಿದರು. ಇದನ್ನು ಸಹಿಸದವರು ಊರಿಗೆ ಮರಳುತ್ತಿದ್ದ ಜನರನ್ನು ಹಿಡಿದು ಹೊಡೆದರು. ಬಾಬಾಸಾಹೇಬರ ಕಡೆಗೂ ಗಟ್ಟಿಮುಟ್ಟಾದ ಯುವಕರು ಬಹಳ ಇದ್ದರು. ಅವರ ರಕ್ತವೂ ಕುದಿಯುತ್ತಿತ್ತು. ಆದರೆ ತಿರುಗಿ ಕೈ ಎತ್ತಬಾರದೆಂದು ಬಾಬಾಸಾಹೇಬರು ಅವರನ್ನು ತಡೆದರು. ಸಿಟ್ಟನ್ನು ಅವರು ಬಿಡಲಿಲ್ಲ, ಕಾನೂನಿನ ದಾರಿಗೆ ತಿರುಗಿಸಿದರು. ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. 1937ರಲ್ಲಿ ಮುಂಬೈ ಉಚ್ಚ ನ್ಯಾಯಾಲಯದ ತೀರ್ಪು ಅವರ ಕಡೆಗೇ ಆಯಿತು. ಹತ್ತು ವರ್ಷ! ಅಷ್ಟು ದಿನ ಆರದೆ, ಯಾರನ್ನೂ ಸುಡದೆ ಇದ್ದ ಸಿಟ್ಟು ಅದು.

ನಿಮ್ಮ ವರ್ಗದಲ್ಲಿಯೂ ಇಂಥದು ನಡೆಯಬಹುದು. ಒಬ್ಬ ಹುಡುಗನ ಬಟ್ಟೆ ನೋಡಿ, ಮಾತಿನ ಧಾಟಿ ನೋಡಿ ಎಲ್ಲರೂ ಅಣಕಿಸುತ್ತಿರಬಹುದು. ಅದನ್ನು ಕಂಡು ನಿಮಗೆ ಸಿಟ್ಟು ಬಂದರೆ ಅದು ಒಳ್ಳೆಯ ಸಿಟ್ಟು. ಅವನ ಪಕ್ಕಕ್ಕೆ ಹೋಗಿ ಕುಳಿತುಕೊಳ್ಳಿರಿ. ಗುರುಗಳಿಗೆ ಹೇಳಿರಿ.

ದೊಡ್ಡವರ ಸಿಟ್ಟು ಮಿತಿ ಮೀರಿ, ಯಾರಾದರೂ ನಿಮ್ಮನ್ನು ಹೊಡೆದು ಬಡಿದು ಮಾಡುತ್ತಿದ್ದರೆ ಅದು ನಿಮ್ಮ ತಪ್ಪಲ್ಲ. ಅದನ್ನು ಮುಚ್ಚಿಡಬಾರದು. ನಂಬಿಕೆಯಿರುವ ಅಜ್ಜಿ, ಕಾಕಾ, ಗುರುಗಳು ಯಾರಿಗಾದರೂ ಹೇಳಬೇಕು. 1098 ಎಂಬುದು ಮಕ್ಕಳಿಗಾಗಿಯೇ ಇರುವ ಸಹಾಯವಾಣಿ. ಯಾವ ಫೋನಿನಿಂದಲಾದರೂ ಹಗಲು ರಾತ್ರಿ ಕರೆ ಮಾಡಬಹುದು, ಹಣ ಬೀಳುವುದಿಲ್ಲ. ಈ ನಾಲ್ಕು ಅಂಕೆಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿರಿ.

ಜಗಳವಾದ ಮೇಲೆ ಮತ್ತೆ ಕೂಡುವುದು ಹೇಗೆ? ಬಾಯಿಂದ 'ಸಾರಿ' ಎಂದು ಓಡಿಹೋಗುವುದು ಈಗ ರೂಢಿಯಾಗಿದೆ. ಹರಿದ ಪುಸ್ತಕಕ್ಕೆ ಹೊದಿಕೆ ಹಾಕಿಕೊಟ್ಟರೆ, ಕೆಡವಿದ ನೀರನ್ನು ಮತ್ತೆ ತುಂಬಿಕೊಟ್ಟರೆ ಆ 'ಸಾರಿ'ಗೆ ಬೆಲೆ ಬರುತ್ತದೆ. ಎದುರಿನವರು ಕೂಡಲೇ ನಗಬೇಕೆಂದು ಒತ್ತಾಯ ಮಾಡಬಾರದು. ಕೆಲವರ ಸಿಟ್ಟು ಬೇಗ ಇಳಿಯುತ್ತದೆ, ಕೆಲವರದು ತಡವಾಗುತ್ತದೆ.

ಮಾತು ಬಿಟ್ಟವರು ತಾವಾಗಿ ಮೊದಲು ಮಾತಾಡಲು ನಾಚುತ್ತಾರೆ. "ನಾನೇ ಏಕೆ ಮೊದಲು ಹೋಗಲಿ?" ಎನ್ನುತ್ತಾರೆ. ಇದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಅದಕ್ಕೇ ಹಬ್ಬಗಳಲ್ಲಿ ಒಂದು ನೆವ ಮಾಡಿಟ್ಟರು. ಸಂಕ್ರಮಣದಂದು ಎಳ್ಳು-ಬೆಲ್ಲ ಕೊಟ್ಟು ಒಳ್ಳೆಯ ಮಾತಾಡೋಣ ಎನ್ನುತ್ತೇವೆ. ಮರಾಠಿಯವರು 'ತಿಳಗೂಳ' ಕೊಟ್ಟು ಅದನ್ನೇ ಹೇಳುತ್ತಾರೆ. ದಸರೆಯ ಸಂಜೆ ನಮ್ಮ ಮನೆಗಳಲ್ಲಿ ಬನ್ನಿಯ ಎಲೆ, ಮರಾಠಿಯವರಲ್ಲಿ ಆಪಟೆಯ ಎಲೆ. ಎರಡಕ್ಕೂ 'ಬಂಗಾರ' ಎಂದೇ ಹೆಸರು. "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎನ್ನುತ್ತ ಚಿಕ್ಕವರು ಹಿರಿಯರ ಕೈಗೆ ಎಲೆ ಕೊಟ್ಟು ನಮಸ್ಕರಿಸುತ್ತಾರೆ. ಬದುವಿನ ಜಗಳಕ್ಕೆ ವರ್ಷದಿಂದ ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗೂ ಅಂದು ಹೋಗಬಹುದು. ಏಕೆ ಬಂದೆ ಎಂದು ಯಾರೂ ಕೇಳುವುದಿಲ್ಲ, ಕೈಯಲ್ಲಿ ಎಲೆ ಇದೆಯಲ್ಲ! ಈ ಸಲದ ದಸರೆಗೆ ನಿಮ್ಮ ಊರಿನಲ್ಲಿ ಯಾರು ಯಾರ ಮನೆಗೆ ಮೊದಲು ಹೋದರು, ಒಳಗೆ ಕರೆದು ಕೂಡಿಸಿದವರು ಏನು ಮಾತಾಡಿದರು ಎಂಬುದನ್ನು ಗಮನಿಸಿ ನೋಡಿರಿ. ಹಳೆಯ ಜಗಳಗಳು ಹೇಗೆ ಮುಗಿದವು ಎಂದು ಮುತ್ಯಾನನ್ನೂ ಅಜ್ಜಿಯನ್ನೂ ಕೇಳಿರಿ.